ಕಲ್ಲು ಹೇಳುವುದೆಷ್ಟು, ನಾವು ಹೇಳಿಸುವುದೆಷ್ಟು: ಇತಿಹಾಸ ಮೇಳದ ಯೋಜನೆಗೊಂದು ಪಾಠ

ಇತಿಹಾಸ ಮೇಳಕ್ಕೆ ಯೋಜನೆ ಸಿದ್ಧಪಡಿಸಲು ಹೊರಟ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಮೊದಲು ಆರಿಸಿಕೊಳ್ಳುವ ಶೀರ್ಷಿಕೆಗಳು ಸಾಮಾನ್ಯವಾಗಿ ಬಹಳ ವಿಸ್ತಾರವಾದವು: ‘ನೊಳಂಬರ ಇತಿಹಾಸ’, ‘ಗಡಿನಾಡಿನಲ್ಲಿ ಕನ್ನಡ’, ‘ಬಾರಾಮಹಲು’. ಇವು ವಿಷಯಗಳೇ ಹೊರತು ಪ್ರಶ್ನೆಗಳಲ್ಲ. ವಿಷಯವು ಮಾಹಿತಿಯನ್ನು ಕೂಡಿಹಾಕಿಸುತ್ತದೆ. ಪ್ರಶ್ನೆಯು ಆಧಾರವನ್ನು ಹುಡುಕಿಸುತ್ತದೆ. ಒಂದೇ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು, ವಿಷಯದಿಂದ ಪ್ರಶ್ನೆಗೆ ಸಾಗುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಪ್ರದೇಶ

ತಮಿಳುನಾಡಿನ ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅದಿಯಮಾನ್‌ಕೋಟೆಯನ್ನು ದಾಟಿದರೆ ನಲ್ಲಂಪಳ್ಳಿ ಸಿಗುತ್ತದೆ; ಇನ್ನೂ ದಕ್ಷಿಣಕ್ಕೆ ತೊಪ್ಪೂರು ಘಾಟಿ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದ ತಮಿಳು ಕವಿತೆಗಳಲ್ಲಿ ಇದು ಅದಿಯಮಾನ್ ಅರಸರ ಊರು. ಒಂಬತ್ತನೆಯ ಶತಮಾನದಲ್ಲಿ ಹೇಮಾವತಿಯಿಂದ ಆಳಿದ ನೊಳಂಬರ ಅಧಿಕಾರ ಇಲ್ಲಿಯವರೆಗೆ ಹಬ್ಬಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದ ಮೂಲಕ ಬಾರಾಮಹಲು ಪ್ರಾಂತವು ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಇಷ್ಟು ಅಧಿಕಾರಗಳು ಹಾದುಹೋದ ನೆಲದಲ್ಲಿ ಭಾಷೆಯ ಇತಿಹಾಸ ಸರಳವಾಗಿರಲಾರದು.

ಪ್ರಶ್ನೆ

ತಗಡೂರಿನ ಒಂದು ಕನ್ನಡ ಶಾಸನವನ್ನು ತೆಗೆದುಕೊಳ್ಳೋಣ. ನೊಳಂಬ ಮಹೇಂದ್ರನ ಕಾಲದ ಈ ಕಂಬದ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಎಪಿಗ್ರಾಫಿಯಾ ಇಂಡಿಕಾದ 10ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ. ಅದರ ಕಾಲ ಶಕವರ್ಷ 815. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿ.ಶ. 893. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದವರು ತಗಡೂರಿನಲ್ಲಿ ಜೈನ ಬಸದಿಯೊಂದನ್ನು ಕಟ್ಟಿಸಿದುದನ್ನೂ ಅದಕ್ಕೆ ದತ್ತಿ ಸಂದುದನ್ನೂ ಅದು ತಿಳಿಸುತ್ತದೆ.

ಈಗ ನಮ್ಮ ಪ್ರಶ್ನೆ ಇದು: ‘ತಗಡೂರಿನ ಈ ದತ್ತಿ ಕನ್ನಡದಲ್ಲಿ ಏಕೆ ಬರೆಯಲ್ಪಟ್ಟಿತು?’ ಇದು ಚಿಕ್ಕ ಪ್ರಶ್ನೆ. ಒಂದು ಫಲಕದೊಳಗೆ ನಿಲ್ಲಬಲ್ಲದು.

ಮೂರು ಅಂಕಣಗಳು

ಒಂದು ಹಾಳೆಯನ್ನು ಮೂರು ಅಂಕಣಗಳಾಗಿ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ಶಾಸನ ಹೇಳುವುದನ್ನು ಮಾತ್ರ ಬರೆಯಿರಿ: ಅರಸ, ವರ್ಷ, ದಾನಿಗಳು, ಬಸದಿ, ದತ್ತಿ. ಎರಡನೆಯದರಲ್ಲಿ ಅದರಿಂದ ಊಹಿಸಬಹುದಾದುದನ್ನು ಬರೆಯಿರಿ: ಆಳುವವರ ಆಡಳಿತ ಭಾಷೆ ಕನ್ನಡವಾಗಿದ್ದಿರಬಹುದು, ದಾನಿಗಳಿಗೂ ಮುನಿಗಳಿಗೂ ಕನ್ನಡ ಬಳಕೆಯ ಭಾಷೆಯಾಗಿದ್ದಿರಬಹುದು, ಕಲ್ಲನ್ನು ಓದಬಲ್ಲವರು ಊರಿನಲ್ಲಿ ಇದ್ದಿರಬಹುದು. ಮೂರನೆಯದರಲ್ಲಿ ಶಾಸನ ಹೇಳದೆ ಉಳಿದುದನ್ನು ಬರೆಯಿರಿ: ಹೊಲದಲ್ಲಿ ದುಡಿಯುವವರು, ಸಂತೆಗೆ ಬರುವವರು ಯಾವ ಮಾತನ್ನಾಡುತ್ತಿದ್ದರು?

ಯೋಜನೆಯ ಪ್ರಾಮಾಣಿಕತೆ ನಿಂತಿರುವುದು ಈ ಮೂರನೆಯ ಅಂಕಣದ ಮೇಲೆ. ಅದನ್ನು ಖಾಲಿ ಬಿಟ್ಟವರ ಫಲಕದಲ್ಲಿ ‘ಈ ನೆಲವೆಲ್ಲ ಕನ್ನಡದ್ದಾಗಿತ್ತು’ ಎಂಬ ವಾಕ್ಯ ತಾನಾಗಿಯೇ ಬಂದು ಕೂರುತ್ತದೆ. ಒಂದು ದತ್ತಿಶಾಸನಕ್ಕೆ ಅಷ್ಟು ಭಾರವನ್ನು ಹೊರುವ ಶಕ್ತಿಯಿಲ್ಲ.

ಎದುರಿನ ಆಧಾರ

ನಿಮ್ಮ ಉತ್ತರಕ್ಕೆ ಅನುಕೂಲವಲ್ಲದ ಆಧಾರವನ್ನು ನೀವೇ ಹುಡುಕಿ ಮುಂದಿಡಬೇಕು. ಧರ್ಮಪುರಿ ಸೀಮೆಯಲ್ಲಿ ಪಲ್ಲವರ ಕಾಲದ, ವಟ್ಟೆಳುತ್ತು ಲಿಪಿಯ ತಮಿಳು ವೀರಗಲ್ಲುಗಳು ದೊರೆತಿವೆ. ಅವು ನೊಳಂಬರ ಶಾಸನಕ್ಕಿಂತ ಹಳೆಯವು. ಆಮೇಲಿನ ಚೋಳರ ಕಾಲದ ತಮಿಳು ಶಾಸನಗಳೂ ಇವೆ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ನೋಡಬಹುದು.

ಸಾಹಿತ್ಯದ ಆಧಾರಕ್ಕೂ ಇದೇ ನಿಯಮ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸುತ್ತದೆ. ಕಾಲದ ದೃಷ್ಟಿಯಿಂದ ಅದು ನಮ್ಮ ಶಾಸನಕ್ಕೆ ಸಮೀಪದ್ದು. ಆದರೆ ಅದು ಕಾವ್ಯಮೀಮಾಂಸೆಯ ಗ್ರಂಥ, ಮೋಜಣಿಯ ಕಾಗದವಲ್ಲ. ಅಂದಿನ ಬಲ್ಲವರು ನಾಡನ್ನು ಹೇಗೆ ಭಾವಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಒಂದೊಂದು ಊರಿನ ಮನೆಮಾತಿಗೆ ಸಾಕ್ಷಿಯಲ್ಲ.

ಊರ ಹೆಸರುಗಳೂ ಹಾಗೆಯೇ. ಹಳಗನ್ನಡದ ಪದಾದಿಯ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತೆಂದು ಭಾಷಾಚರಿತ್ರೆಯಲ್ಲಿ ಓದಿದ್ದೀರಿ: ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಇದೇ ಜಿಲ್ಲೆಯಲ್ಲಿ ಮಾರಂಡಹಳ್ಳಿಯೂ ಇದೆ, ನಲ್ಲಂಪಳ್ಳಿಯೂ ಇದೆ. ಹಕಾರದ ರೂಪವು ಕನ್ನಡದ ಸಂಪರ್ಕವನ್ನು ಸೂಚಿಸುತ್ತದೆ ಎನ್ನಬಹುದು. ‘ಪಳ್ಳಿ’ಯಾದರೋ ಹಳಗನ್ನಡದ ಉಳಿಕೆಯಾಗಿರಬಹುದು, ತಮಿಳಿನದಾಗಿರಬಹುದು, ತೆಲುಗಿನಲ್ಲಿಯೂ ‘ಪಲ್ಲಿ’ ಎಂದು ಕೊನೆಗೊಳ್ಳುವ ಊರುಗಳು ಹೇರಳ. ಆದುದರಿಂದ ಹೆಸರೊಂದನ್ನೇ ನೆಚ್ಚಿ ತೀರ್ಪು ಕೊಡಬಾರದು.

ಇಂದಿನ ಮಾತು

ಧರ್ಮಪುರಿ, ಕೃಷ್ಣಗಿರಿ, ಸೇಲಂ ಜಿಲ್ಲೆಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅವರನ್ನು ಒಂಬತ್ತನೆಯ ಶತಮಾನದ ಅವಶೇಷವೆಂಬಂತೆ ಕಾಣುವುದು ಸಲ್ಲದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದು ನೆಲೆಸಿದವರ ಸಂತತಿಯೂ ಅವರಲ್ಲಿದ್ದೀತು. ಹಿರಿಯರೊಬ್ಬರನ್ನು ಮಾತನಾಡಿಸುವಾಗ ‘ನೀವು ಕನ್ನಡದವರೇ?’ ಎಂದು ತೊಡಗಬೇಡಿ. ಮನೆಯಲ್ಲಿ ಯಾವ ಮಾತು, ಸಂತೆಯಲ್ಲಿ ಯಾವುದು, ದೇವರ ಹಾಡು ಯಾವುದರಲ್ಲಿ, ಮಕ್ಕಳು ಓದುವುದು ಯಾವುದರಲ್ಲಿ ಎಂದು ಕೇಳಿ. ಒಬ್ಬರೇ ದಿನವೊಂದರಲ್ಲಿ ಎರಡು ಮೂರು ಭಾಷೆಗಳಲ್ಲಿ ಬದುಕುವುದು ಆಗ ಗೋಚರವಾಗುತ್ತದೆ. ಅವರ ಒಪ್ಪಿಗೆಯಿಲ್ಲದೆ ಹೆಸರನ್ನಾಗಲಿ ಧ್ವನಿಯನ್ನಾಗಲಿ ಬಳಸಕೂಡದು.

ಫಲಕ

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1974ರಲ್ಲಿ ಆರಂಭವಾದ ‘ನ್ಯಾಷನಲ್ ಹಿಸ್ಟರಿ ಡೇ’ ಸ್ಪರ್ಧೆಯಲ್ಲಿ ಪ್ರದರ್ಶನ ಫಲಕದ ಮೇಲೆ ವಿದ್ಯಾರ್ಥಿಗಳ ಸ್ವಂತ ಬರಹ 500 ಪದಗಳನ್ನು ಮೀರುವಂತಿಲ್ಲ. ಈ ಮಿತಿಯನ್ನು ನಾವೂ ಪಾಲಿಸುವುದು ಒಳಿತು. ಮಧ್ಯದಲ್ಲಿ ಪ್ರಶ್ನೆ, ಎಡಕ್ಕೆ ಶಾಸನದ ಪಾಠ ಮತ್ತು ಹೊಸಗನ್ನಡ ತಾತ್ಪರ್ಯ, ಬಲಕ್ಕೆ ಎದುರಿನ ಆಧಾರ, ಕೆಳಗೆ ನಿಮ್ಮ ತೀರ್ಮಾನ. ಕ್ಷೇತ್ರಕಾರ್ಯದಲ್ಲಿ ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಎಣ್ಣೆ, ಸುಣ್ಣ, ಸೀಮೆಸುಣ್ಣ ಬಳಿಯಬಾರದು. ಬೆಳಗಿನ ಇಲ್ಲವೆ ಸಂಜೆಯ ಓರೆಬೆಳಕಿನಲ್ಲಿ ಚಿತ್ರ ತೆಗೆದರೆ ಸಾಕು. ಪೂಜೆಗೊಳ್ಳುವ ಕಲ್ಲಾದರೆ ಊರವರ ಅನುಮತಿ ಪಡೆಯಿರಿ.

ಮೇಳದಲ್ಲಿ ತಮಿಳು ಮಾತೃಭಾಷೆಯ ವಿದ್ಯಾರ್ಥಿಯೊಬ್ಬ ನಿಮ್ಮ ಫಲಕದ ಮುಂದೆ ನಿಂತು ಓದುತ್ತಾನೆಂದು ಭಾವಿಸಿಕೊಂಡು ತೀರ್ಮಾನವನ್ನು ಬರೆಯಿರಿ. ಆಧಾರವನ್ನು ನೋಡಿ ಅವನೂ ಒಪ್ಪುವಂತಿದ್ದರೆ ನಿಮ್ಮ ವಾಕ್ಯ ಸರಿಯಾಗಿದೆ.

ಅಭ್ಯಾಸ

1. ನಿಮ್ಮ ಊರಿನ ಅಥವಾ ನೆರೆಯೂರಿನ ಒಂದು ಶಾಸನವನ್ನು ಆರಿಸಿ, ಮೂರು ಅಂಕಣಗಳ ಹಾಳೆಯನ್ನು ತುಂಬಿರಿ.
2. ‘ಹಳ್ಳಿ’, ‘ಪಳ್ಳಿ’, ‘ಪಟ್ಟಿ’ ಎಂದು ಕೊನೆಗೊಳ್ಳುವ ಹತ್ತು ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ.