ವೇಗವೂ ಮಿತವ್ಯಯವೂ: ಗಗನಯಾನದಿಂದ ಒಂದು ಪಾಠ

ಈಚಿನ ವರ್ಷಗಳಲ್ಲಿ ಶಿಕಾರಿಪುರ, ಸೊರಬ ಸೀಮೆಯ ಮಕ್ಕಳು ಸಹ ಗಣಕಯಂತ್ರದ ಮುಂದೆ ಕುಳಿತು ಗಗನನೌಕೆಗಳನ್ನು ಕಟ್ಟಿ ಹಾರಿಸುವ ಆಟಗಳನ್ನು ಆಡುವುದುಂಟು. ೨೦೧೫ರಲ್ಲಿ ಪೂರ್ಣರೂಪದಿಂದ ಹೊರಬಂದ ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬುದು ಇವುಗಳಲ್ಲಿ ಪ್ರಸಿದ್ಧವಾದದ್ದು. ಒಂದು ಪಂದ್ಯದಲ್ಲಿ ಬೇಗನೆ ಚಂದ್ರನನ್ನು ಮುಟ್ಟಿದವರಿಗೆ ಜಯ. ಮತ್ತೊಂದರಲ್ಲಿ ಕಡಿಮೆ ಇಂಧನವನ್ನು ಸುಟ್ಟವರಿಗೆ ಜಯ. ಎರಡನ್ನೂ ಕೂಡಿಸಿ ಅಂಕ ಕೊಡುವ ಪಂದ್ಯವು ಎಲ್ಲಕ್ಕಿಂತ ಕಠಿಣವಾದದ್ದು. ಇದು ಕಾಲಹರಣವಲ್ಲವೇ ಎಂದು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ. ಬರಿಯ ಆಟವಾಗಿ ಬಿಟ್ಟರೆ ಕಾಲಹರಣವೇ ಸರಿ. ಆದರೆ ಅದರೊಳಗಿನ ಲೆಕ್ಕವನ್ನು ಬಿಡಿಸಿ ನೋಡಿದರೆ, ನಮ್ಮ ಬೆಂಗಳೂರಿನಲ್ಲಿ ಕುಳಿತು ಮಂಗಳಯಾನವನ್ನು ನಡಿಸಿದವರು ಬಿಡಿಸಿದ ಲೆಕ್ಕವೂ ಅದೇ ಎಂಬುದು ತಿಳಿದುಬರುವುದು. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಒಂದು ಪಾಠವಾಗಿ ಬರೆಯುತ್ತೇವೆ.

೧. ಇಂಧನವು ಇಂಧನವನ್ನೇ ಹೊರುವುದು

ದೂರದೂರಿಗೆ ಹೊರಟ ಎತ್ತಿನ ಗಾಡಿಯನ್ನು ನೆನೆಯಿರಿ. ದಾರಿಯಲ್ಲಿ ಹುಲ್ಲು ಸಿಕ್ಕದೆಂದು ಎಲ್ಲವನ್ನೂ ಗಾಡಿಯಲ್ಲಿಯೇ ಹೇರಿದರೆ, ಆ ಹುಲ್ಲಿನ ಭಾರವನ್ನೆಳೆಯಲು ಇನ್ನೊಂದು ಜೋಡಿ ಎತ್ತು ಬೇಕು. ಆ ಜೋಡಿಗೆ ಮತ್ತಷ್ಟು ಹುಲ್ಲು ಬೇಕು. ಗಗನನೌಕೆಯ ಸ್ಥಿತಿಯು ಇಂಥದೇ. ರಷ್ಯಾದೇಶದ ಶಾಲೋಪಾಧ್ಯಾಯರಾಗಿದ್ದ ತ್ಸಿಯೊಲ್ಕೊವ್‌ಸ್ಕಿಯವರು ೧೯೦೩ರಲ್ಲಿ ಇದರ ಸೂತ್ರವನ್ನು ಪ್ರಕಟಿಸಿದರು. ಅದರ ತಾತ್ಪರ್ಯವೇನಂದರೆ: ಎಂಜಿನಿನಿಂದ ಅನಿಲವು ಯಾವ ವೇಗದಿಂದ ಹೊರಡುವುದೋ ಅಷ್ಟೇ ವೇಗವನ್ನು ನೌಕೆಯು ಪಡೆಯಬೇಕಾದರೆ ಹೊರಡುವಾಗಿನ ತೂಕದಲ್ಲಿ ನೂರಕ್ಕೆ ೬೩ ಪಾಲು ಇಂಧನವಾಗಿರಬೇಕು, ಅದರ ಎರಡರಷ್ಟು ವೇಗಕ್ಕೆ ೮೬ ಪಾಲು, ಮೂರರಷ್ಟಕ್ಕೆ ೯೫ ಪಾಲು. ಮಂಗಳಯಾನದ ನೌಕೆಯು ಸುಮಾರು ೧,೩೩೭ ಕಿಲೋಗ್ರಾಮ್ ತೂಕವಿದ್ದು, ಅದರಲ್ಲಿ ಸುಮಾರು ೮೫೨ ಕಿಲೋಗ್ರಾಮ್ ಇಂಧನವೇ ಆಗಿತ್ತು. ಭಾಗಿಸಿ ನೋಡಿದರೆ ನೂರಕ್ಕೆ ೬೩ಕ್ಕಿಂತ ಸ್ವಲ್ಪ ಹೆಚ್ಚು.

೨. ಒಂದು ದಿವಸದ ಬೆಲೆಯೆಷ್ಟು?

ಭೂಮಿಯಿಂದ ೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಯೊಂದು ಚಂದ್ರನ ಸಮೀಪದ ಕಕ್ಷೆಯನ್ನು ಸೇರಬೇಕೆನ್ನೋಣ. ಸ್ಥೂಲವಾಗಿ ಲೆಕ್ಕ ಹಾಕಿದರೆ, ೫ ದಿವಸಗಳಲ್ಲಿ ಸೇರುವುದಕ್ಕೆ, ಹೊರಡುವಾಗಿನ ತಳ್ಳುವಿಕೆಯೂ ಸೇರುವಾಗಿನ ತಡೆಯೂ ಕೂಡಿ, ಸೆಕೆಂಡಿಗೆ ಸುಮಾರು ೪ ಕಿಲೋಮೀಟರಿನಷ್ಟು ವೇಗದ ಬದಲಾವಣೆ ಬೇಕು. ಎರಡು ದಿವಸಗಳಲ್ಲಿ ಸೇರಲು ಸುಮಾರು ನಾಲ್ಕೂವರೆ ಸಾಕು. ಒಂದೇ ದಿವಸದಲ್ಲಿ ಸೇರಲು ಆರೂವರೆಗೂ ಮಿಕ್ಕಿ ಬೇಕಾಗುವುದು. ಯಾಕಂದರೆ ಓಡುವುದಕ್ಕೆ ಮಾತ್ರವಲ್ಲ, ಓಡಿದ್ದನ್ನು ನಿಲ್ಲಿಸುವುದಕ್ಕೂ ಇಂಧನವೇ ಬೇಕಷ್ಟೆ.

ಅನಿಲದ ವೇಗವು ಸೆಕೆಂಡಿಗೆ ೩ ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಂದು ಟನ್ ತೂಕವನ್ನು ಚಂದ್ರನಿಗೆ ಮುಟ್ಟಿಸಲು ಮೊದಲನೆಯ ದಾರಿಯಲ್ಲಿ ಸುಮಾರು ಎರಡೂಮುಕ್ಕಾಲು ಟನ್, ಎರಡನೆಯದರಲ್ಲಿ ಸುಮಾರು ಮೂರೂವರೆ ಟನ್, ಮೂರನೆಯದರಲ್ಲಿ ಸುಮಾರು ಎಂಟು ಟನ್ ಇಂಧನ ಖರ್ಚಾಗುವುದು. ಮೊದಲಿನ ಮೂರು ದಿವಸಗಳ ಉಳಿತಾಯಕ್ಕೆ ಮುಕ್ಕಾಲು ಟನ್. ಕಡೆಯ ಒಂದೇ ದಿವಸಕ್ಕೆ ನಾಲ್ಕೂವರೆ ಟನ್! ಆದುದರಿಂದ ಪಂದ್ಯವನ್ನಾಡುವವರು ಅತಿ ನಿಧಾನವನ್ನೂ ಅತಿ ಅವಸರವನ್ನೂ ಬಿಟ್ಟು, ಬೆಲೆಯು ಒಮ್ಮೆಲೇ ಏರುವ ತಿರುವು ಎಲ್ಲಿದೆಯೆಂದು ಹುಡುಕತಕ್ಕದ್ದು. ಆಟದ ಕಲ್ಪಿತ ಭೂಮಿಯ ತ್ರಿಜ್ಯವು ೬೦೦ ಕಿಲೋಮೀಟರ್ ಮಾತ್ರ; ಅಲ್ಲಿಯ ಅಂಕೆಗಳು ಬೇರೆಯಾದರೂ ತಿರುವು ಇದ್ದೇ ಇರುವುದು.

೩. ತಳ್ಳುವ ಸ್ಥಳ

ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದೆಂದು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ವೇಗವು ೨ ಇರುವಾಗ ೧ನ್ನು ಕೂಡಿಸಿದರೆ ವರ್ಗವು ೪ರಿಂದ ೯ಕ್ಕೆ ಏರಿ ೫ ಲಾಭವಾಗುವುದು. ವೇಗವು ೧೦ ಇರುವಾಗ ಅದೇ ೧ನ್ನು ಕೂಡಿಸಿದರೆ ೧೦೦ರಿಂದ ೧೨೧ಕ್ಕೆ ಏರಿ ೨೧ ಲಾಭವಾಗುವುದು. ನೌಕೆಯು ಭೂಮಿಗೆ ಅತಿ ಸಮೀಪದಲ್ಲಿರುವಾಗ ಅದರ ವೇಗವು ಅತ್ಯಧಿಕ. ಆದಕಾರಣ ಅಲ್ಲಿಯೇ ಎಂಜಿನನ್ನು ಉರಿಸತಕ್ಕದ್ದು.

ಮಂಗಳಯಾನವು ೨೦೧೩ನೆಯ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟಿತು. ಅದನ್ನು ಹೊತ್ತ ಪಿ.ಎಸ್.ಎಲ್.ವಿ. ರಾಕೆಟ್ಟಿಗೆ ಮಂಗಳನ ಕಡೆಗೆ ನೇರವಾಗಿ ಎಸೆಯುವ ಬಲವಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬಂತೆ, ನೌಕೆಯು ಭೂಮಿಯನ್ನು ಸುತ್ತುತ್ತ, ಸಮೀಪಕ್ಕೆ ಬಂದಾಗಲೆಲ್ಲಾ ಸ್ವಲ್ಪ ಸ್ವಲ್ಪ ಉರಿಸಿ, ಉಯ್ಯಾಲೆಯನ್ನು ಮೀಟಿದಂತೆ ತನ್ನ ಸುತ್ತನ್ನು ಹಿಗ್ಗಿಸಿಕೊಂಡಿತು. ನಾಲ್ಕನೆಯ ಸಾರಿ ಎಂಜಿನು ಎಣಿಸಿದಷ್ಟು ವೇಗವನ್ನು ಕೊಡಲಿಲ್ಲ. ಮರುದಿನ ಇನ್ನೊಮ್ಮೆ ಉರಿಸಿ ಕೊರತೆಯನ್ನು ತುಂಬಿದರು. ಡಿಸೆಂಬರ್ ೧ರಂದು ಸುಮಾರು ೨೨ ನಿಮಿಷ ಉರಿಸಿ ಭೂಮಿಯನ್ನು ಬಿಟ್ಟಿತು. ೨೦೧೪ನೆಯ ಸೆಪ್ಟೆಂಬರ್ ೨೪ರಂದು ಸುಮಾರು ೨೪ ನಿಮಿಷ ಉರಿಸಿ, ವೇಗವನ್ನು ತಗ್ಗಿಸಿ, ಮಂಗಳನ ಕಕ್ಷೆಯನ್ನು ಸೇರಿತು. ಆರು ತಿಂಗಳಿಗೆಂದು ಕಟ್ಟಿದ ನೌಕೆಯು ೨೦೨೨ರ ವರೆಗೂ ಸಂಪರ್ಕದಲ್ಲಿತ್ತು. ಇಂಧನದ ಮಿತವ್ಯಯವು ಆಯುಸ್ಸನ್ನೇ ಬೆಳೆಸಿತೆಂದು ಹೇಳಬಹುದು.

೪. ವೇಗವೂ ಧರ್ಮವಾಗುವ ಸಂದರ್ಭ

ನಿಧಾನವೇ ಪ್ರಧಾನವೆಂದು ಇಷ್ಟರಿಂದ ಯಾರೂ ತಿಳಿಯಬಾರದು. ಅಮೇರಿಕದ ಮೇವನ್ ಎಂಬ ನೌಕೆಯು ಹೆಚ್ಚು ಭಾರವುಳ್ಳದ್ದಾದರೂ ಬಲವಾದ ರಾಕೆಟ್ಟನ್ನು ಪಡೆದು, ನಮ್ಮದಕ್ಕಿಂತ ೧೩ ದಿವಸ ತಡವಾಗಿ ಹೊರಟು, ೨ ದಿವಸ ಮುಂಚಿತವಾಗಿ ಮಂಗಳನನ್ನು ಸೇರಿತು. ೧೯೬೯ನೆಯ ಜುಲೈ ೧೬ರಂದು ಹೊರಟ ಅಪೊಲೊ ೧೧, ೨೦ರಂದು ಚಂದ್ರನ ಮೇಲೆ ಇಳಿಯಿತು; ೨೦೨೩ನೆಯ ಜುಲೈ ೧೪ರಂದು ಹೊರಟ ಚಂದ್ರಯಾನ ೩, ಆಗಸ್ಟ್ ೨೩ರಂದು ಇಳಿಯಿತು. ಅಪೊಲೊದಲ್ಲಿ ಮನುಷ್ಯರಿದ್ದರು. ಅವರಿಗೆ ಗಾಳಿ, ನೀರು, ಆಹಾರಗಳು ಬೇಕು, ತಡವಾದಷ್ಟೂ ಅಪಾಯ. ಜೀವವಿರುವಲ್ಲಿ ಇಂಧನವನ್ನು ಉಳಿಸುವುದು ಮಿತವ್ಯಯವಲ್ಲ, ಜಿಪುಣತನ. ಇದಲ್ಲದೆ ಮಂಗಳನಿಗೆ ಹೊರಡುವ ಅನುಕೂಲಕಾಲವು ಸುಮಾರು ೨೬ ತಿಂಗಳಿಗೊಮ್ಮೆ ಮಾತ್ರ ಒದಗುವುದು; ಅದನ್ನು ತಪ್ಪಿಸಿಕೊಂಡ ನಿಧಾನಿಗೆ ಉಳಿದ ಇಂಧನದಿಂದ ಏನೂ ಪ್ರಯೋಜನವಿಲ್ಲ.

೫. ದೀಪದ ಎಣ್ಣೆ

ಬುದ್ಧಿವಂತೆಯರಾದ ಐದು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಮದಲಿಂಗನು ತಡಮಾಡುವನೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಪಾತ್ರೆಗಳಲ್ಲಿ ಎಣ್ಣೆಯಿತ್ತು. ಅಪೊಲೊ ೧೧ರಲ್ಲಿ ಆರ್ಮ್‌ಸ್ಟ್ರಾಂಗರು ಬಂಡೆಗಳ ಸ್ಥಳವನ್ನು ದಾಟಿ ಇಳಿಯಬೇಕಾಯಿತು. ಇಳಿದಾಗ ಉಳಿದಿದ್ದ ಇಂಧನವು ಒಂದು ನಿಮಿಷಕ್ಕೂ ಸಾಲುವಂತಿರಲಿಲ್ಲ. ೨೦೧೯ರಲ್ಲಿ ಚಂದ್ರಯಾನ ೨ರ ಇಳಿನೌಕೆಯು ನಷ್ಟವಾದ ಮೇಲೆ, ೩ರ ಇಳಿನೌಕೆಗೆ ಹೆಚ್ಚು ಇಂಧನವನ್ನು ತುಂಬಿದರು. ಅದನ್ನು ಚಂದ್ರನ ತನಕ ಹೊತ್ತೊಯ್ದ ಭಾಗದಲ್ಲಿ ೧೦೦ ಕಿಲೋಗ್ರಾಮಿಗೂ ಮಿಕ್ಕಿ ಇಂಧನವುಳಿದು, ಅದನ್ನು ಭೂಮಿಯ ಸುತ್ತಿನ ಕಕ್ಷೆಗೆ ಮರಳಿ ತರಲು ಸಾಧ್ಯವಾಯಿತು. ನಮ್ಮ ಅಂಜನಾಪುರದ ಜಲಾಶಯವು ಮಳೆಗಾಲದಲ್ಲಿ ಪುನಃ ತುಂಬುವುದು. ನೌಕೆಯ ತೊಟ್ಟಿಗೆ ಮಳೆಗಾಲವಿಲ್ಲ.

೬. ತಂದೆತಾಯಿಗಳಿಗೆ

ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿ ನಾವು ಎರಡು ತಪ್ಪುಗಳನ್ನು ಕಾಣುತ್ತೇವೆ. ಬೆಳಗು ಸಂಜೆ ಪಾಠದ ಮೇಲೆ ಪಾಠ ಹೇರಿ, ಹತ್ತನೆಯ ತರಗತಿಯ ಹೊತ್ತಿಗೆ ಮಗುವಿನ ಉತ್ಸಾಹವನ್ನೆಲ್ಲಾ ಸುಟ್ಟುಬಿಡುವುದು ಒಂದು. ಈಗೇನು ಅವಸರ, ಮುಂದೆ ನೋಡೋಣವೆಂದು ಅನುಕೂಲಕಾಲವನ್ನು ಕಳೆದು, ಕಡೆಗೆ ಓದನ್ನೇ ನಿಲ್ಲಿಸುವುದು ಇನ್ನೊಂದು. ಮಂಗಳಯಾನದ ಕಾರ್ಯಾಚರಣೆಯಲ್ಲಿ ಉಪನಿರ್ದೇಶಕಿಯರಾಗಿದ್ದ ರೀತು ಕರಿಧಾಲ್ ಮತ್ತು ನಂದಿನಿ ಹರಿನಾಥ್, ಚಂದ್ರಯಾನ ೩ರ ಸಹ ಯೋಜನಾನಿರ್ದೇಶಕಿಯಾಗಿದ್ದ ಕಲ್ಪನಾ ಕಾಳಹಸ್ತಿ, ಇವರೆಲ್ಲರೂ ಸ್ತ್ರೀಯರೆಂಬುದನ್ನು ದಯಮಾಡಿ ನೆನೆಯಿರಿ. ನಿಮ್ಮ ಮಗಳು ಆ ಆಟವನ್ನು ಆಡುವಾಗ ಬಯ್ಯುವ ಬದಲು ಪಕ್ಕದಲ್ಲಿ ಕುಳಿತು, ಕಾಗದ ಪೆನ್ಸಿಲು ಕೊಟ್ಟು, ಈ ಪ್ರಶ್ನೆಗಳನ್ನು ಕೇಳಿರಿ.

(೧) ೪ ಟನ್ ತೂಕದ ನೌಕೆಯಲ್ಲಿ ೩ ಟನ್ ಇಂಧನವಿದೆ. ಅದು ಅನಿಲದ ವೇಗದ ಎರಡರಷ್ಟನ್ನು ಪಡೆಯಬಲ್ಲದೇ?

(೨) ವೇಗವು ೩ ಇರುವಾಗ ೨ನ್ನು ಕೂಡಿಸುವುದು ಲಾಭವೋ, ೮ ಇರುವಾಗ ಕೂಡಿಸುವುದು ಲಾಭವೋ? ಎಷ್ಟು?

(೩) ನಿನ್ನ ನೌಕೆಯು ಯಾವ ದಿವಸ ಸೇರಲೇಬೇಕು? ಎಷ್ಟು ಇಂಧನವನ್ನು ಆಪತ್ಕಾಲಕ್ಕೆ ಇಟ್ಟಿದ್ದೀ?

ಮೂರನೆಯ ಪ್ರಶ್ನೆಗೆ ಉತ್ತರ ಹೇಳದೆ ಹಾರಿಸಕೂಡದೆಂಬುದೇ ಆಟದ ನಿಯಮವಾಗಿರಲಿ.