ಬಾಗಿದ ಪಿನ್ನಿನ ಹೊಣೆ ಯಾರದು? ಹಾನಿಗೊಂಡ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಮತ್ತು ಗ್ರಾಹಕ ಕಾನೂನು

ಬಳಸಿದ ಪ್ರೊಸೆಸರ್‌ನ ಖರೀದಿಯಿಂದ ಹುಟ್ಟುವ ವ್ಯಾಜ್ಯಗಳಲ್ಲಿ ಇತರ ಅನೇಕ ಸರಕುಗಳ ವ್ಯಾಜ್ಯಗಳಿಗೆ ಇಲ್ಲದ ಒಂದು ತೊಡಕಿದೆ. ವಸ್ತುವಿನ ಒಳಗಿನ ದೋಷವಾದರೆ ಅದು ತಯಾರಿಕೆಯ ಹಂತದಲ್ಲೇ ಸೇರಿದ್ದೆಂದು ವಾದಿಸಲು ಅವಕಾಶವಿರುತ್ತದೆ. ಆದರೆ ಬಾಗಿದ ಪಿನ್, ಚಕ್ಕೆ ಎದ್ದ ಅಂಚು, ಗೀರು ಬಿದ್ದ ಸಂಪರ್ಕಬಿಂದು ಇವೆಲ್ಲ ಮಾರಿದವನ ಕೈಯಲ್ಲಿ ಆದವೋ, ಸಾಗಣೆಯಲ್ಲೋ, ಕೊಂಡವನು ಸಾಕೆಟ್‌ನಲ್ಲಿ ಕೂರಿಸುವಾಗಲೋ ಎಂಬುದನ್ನು ವಸ್ತುವನ್ನು ನೋಡಿ ಹೇಳಲಾಗದು. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಹೊಣೆಗಾರಿಕೆಯ ಪ್ರಶ್ನೆಯು ಬಹುಮಟ್ಟಿಗೆ ವಸ್ತು ಕೈಬದಲಾದ ಹೊತ್ತಿನಲ್ಲಿ ಅದರ ಸ್ಥಿತಿ ಏನಿತ್ತು, ಆ ಸ್ಥಿತಿಯ ಬಗ್ಗೆ ಯಾರು ಏನು ಹೇಳಿದ್ದರು ಎಂಬುದರ ಮೇಲೆಯೇ ನಿಲ್ಲುತ್ತದೆ.

ಕಾನೂನಿಗೆ ಮುನ್ನ ಹಾನಿಯ ಸ್ವರೂಪವನ್ನು ಅರಿಯುವುದು ಅಗತ್ಯ. ಎಎಂಡಿ ಕಂಪನಿಯ ಎಎಂ4 ಮಾದರಿಯ ಪ್ರೊಸೆಸರ್‌ಗಳಲ್ಲಿ 1331 ಸೂಕ್ಷ್ಮ ಪಿನ್‌ಗಳು ಪ್ರೊಸೆಸರ್‌ನ ತಳದಲ್ಲೇ ಇರುತ್ತವೆ. ಇಂಟೆಲ್‌ನ ಈಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹಾಗೂ ಎಎಂಡಿಯ ಎಎಂ5 ಮಾದರಿಯಲ್ಲಿ ಪಿನ್‌ಗಳು ಮದರ್‌ಬೋರ್ಡ್‌ನ ಸಾಕೆಟ್‌ನಲ್ಲಿದ್ದು, ಪ್ರೊಸೆಸರ್‌ನ ತಳದಲ್ಲಿ ಚಪ್ಪಟೆ ಸಂಪರ್ಕಬಿಂದುಗಳು ಮಾತ್ರ ಇರುತ್ತವೆ. ಈ ಪಿನ್‌ಗಳಲ್ಲಿ ಹಲವು ವಿದ್ಯುತ್ ಪೂರೈಕೆಗೂ ಭೂಸಂಪರ್ಕಕ್ಕೂ ಮೀಸಲಾಗಿರುವುದರಿಂದ ಅಂಥ ಒಂದೆರಡು ಮುರಿದರೂ ಯಂತ್ರ ಮೇಲ್ನೋಟಕ್ಕೆ ಸರಿಯಾಗಿಯೇ ನಡೆಯಬಹುದು. ಮೆಮೊರಿಗೆ ಹೋಗುವ ಪಿನ್ ಮುರಿದಿದ್ದರೆ ಒಂದು ರ್‍ಯಾಮ್ ಸ್ಲಾಟ್ ಕೆಲಸ ಮಾಡದಿರಬಹುದು, ಅಥವಾ ಅದಕ್ಕಿಂತ ಕೆಟ್ಟದ್ದಾಗಿ, ಕಡತಗಳಲ್ಲಿನ ದತ್ತಾಂಶವು ಸದ್ದಿಲ್ಲದೆ ಕೆಡುತ್ತಾ ಹೋಗಬಹುದು. ಪ್ರೊಸೆಸರ್ ಒಂದೂವರೆ ವೋಲ್ಟ್‌ನ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಅದರಿಂದ ಮನುಷ್ಯನಿಗೆ ವಿದ್ಯುದಾಘಾತವಾಗುವ ಭಯವಿಲ್ಲ. ಅಪಾಯವಿರುವುದು ಮದರ್‌ಬೋರ್ಡ್‌ಗೆ: ಹೆಚ್ಚಿನ ಸಾಮರ್ಥ್ಯದ ಪ್ರೊಸೆಸರ್‌ಗಳು ಪೂರ್ಣ ಹೊರೆಯಲ್ಲಿ ನೂರು ಆಂಪಿಯರ್‌ಗೂ ಮೀರಿದ ವಿದ್ಯುತ್ತನ್ನು ಎಳೆಯಬಲ್ಲವಾದ್ದರಿಂದ, ಬಾಗಿದ ಪಿನ್ ಪಕ್ಕದ ಪಿನ್‌ಗೆ ತಗುಲಿ ಶಾರ್ಟ್ ಆದರೆ ಸಾಕೆಟ್ ಸುಟ್ಟುಹೋಗುವ ಸಾಧ್ಯತೆಯಿದೆ. ಸಿಲಿಕಾನ್ ತುಣುಕಿನಲ್ಲಿ, ಅಥವಾ ಅದನ್ನು ಹೊತ್ತ ಹಸಿರು ಫಲಕದ ಒಳಪದರಗಳಲ್ಲಿ ಬಿರುಕು ಬಿಟ್ಟಿರುವ ಪ್ರೊಸೆಸರ್ ಸದ್ಯಕ್ಕೆ ಓಡುತ್ತಿದ್ದರೂ ಅದನ್ನು ನಂಬುವಂತಿಲ್ಲ. ಮುಚ್ಚಳದ ಮೇಲಿನ ಗೀರು ಮಾತ್ರ ಸಾಮಾನ್ಯವಾಗಿ ನಿರುಪದ್ರವಿ. ಆದರೆ ಅಲ್ಲಿನ ಅಕ್ಷರಗಳನ್ನು ಉಜ್ಜಿ ಬೇರೆ ಮಾದರಿಯ ಹೆಸರು ಕೊರೆದಿದ್ದರೆ ಅದು ಹಾನಿಯಲ್ಲ, ನೇರ ಮೋಸ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಹೊಸ ಸರಕು ಮತ್ತು ಬಳಸಿದ ಸರಕು ಎಂದು ಭೇದವೆಣಿಸುವುದಿಲ್ಲ. ಬೆಲೆ ಕೊಟ್ಟು ಸರಕನ್ನು ಕೊಂಡವನು ಅದನ್ನು ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡಿರದಿದ್ದರೆ ಅವನು ಗ್ರಾಹಕ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಬಳಸುವ ಸರಕು ವಾಣಿಜ್ಯ ಉದ್ದೇಶದ್ದೆನಿಸುವುದಿಲ್ಲ ಎಂಬ ವಿವರಣೆಯೂ ಅಲ್ಲಿದೆ. ಹೀಗಾಗಿ ತಾನೇ ಕುಳಿತು ಡಿಟಿಪಿ ಕೆಲಸ ಮಾಡುವವನು ತನ್ನ ಯಂತ್ರಕ್ಕೆ ಪ್ರೊಸೆಸರ್ ಕೊಂಡರೆ ಅವನಿಗೆ ರಕ್ಷಣೆಯುಂಟು, ಮರುಮಾರಾಟಕ್ಕೆಂದು ಹತ್ತಾರು ಕೊಂಡ ರಿಪೇರಿ ಅಂಗಡಿಯವನಿಗೆ ಇಲ್ಲ.

ಅಧಿನಿಯಮದ 2(10)ನೆಯ ಪ್ರಕರಣವು ದೋಷವೆಂದರೆ ಕಾನೂನಿನ ಪ್ರಕಾರ, ಕರಾರಿನ ಪ್ರಕಾರ ಅಥವಾ ವ್ಯಾಪಾರಿಯೇ ಹೇಳಿಕೊಂಡ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿನ ಕೊರತೆ ಎನ್ನುತ್ತದೆ. ಈ ಕೊನೆಯ ಅಂಶವೇ ಬಳಸಿದ ಸರಕಿನ ವ್ಯವಹಾರದಲ್ಲಿ ನಿರ್ಣಾಯಕ. ಮೂರು ಪಿನ್ ಮುರಿದಿವೆಯೆಂದು ತಿಳಿಸಿ, ಅದಕ್ಕೆ ತಕ್ಕ ಕಡಿಮೆ ಬೆಲೆಗೆ ಮಾರಿದ ಪ್ರೊಸೆಸರ್‌ನಲ್ಲಿ ಆ ಮೂರು ಪಿನ್‌ಗಳ ಕೊರತೆಯನ್ನು ದೋಷವೆಂದು ಸಾಧಿಸುವುದು ಕಷ್ಟ; ಅದೇ ಪ್ರೊಸೆಸರನ್ನು ‘ಪರೀಕ್ಷಿಸಲಾಗಿದೆ, ಯಾವ ತೊಂದರೆಯೂ ಇಲ್ಲ’ ಎಂದು ಮಾರಿದ್ದರೆ ಆ ಮಾತೇ ಮಾರಿದವನನ್ನು ಕಟ್ಟಿಹಾಕುತ್ತದೆ. ಸರಕು ಮಾರಾಟ ಅಧಿನಿಯಮ, 1930ರ 16ನೆಯ ಪ್ರಕರಣ ಇದನ್ನು ಇನ್ನೊಂದು ಬದಿಯಿಂದ ನೋಡುತ್ತದೆ. ಅಂಥ ಸರಕಿನ ವ್ಯಾಪಾರಿಯಿಂದ ವರ್ಣನೆಯನ್ನು ನಂಬಿ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇದ್ದೇ ಇರುತ್ತದೆ. ಆದರೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಆ ಷರತ್ತು ಅನ್ವಯಿಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಗಡಿಯ ಕಟ್ಟೆಯ ಮೇಲೆಯೇ ಪ್ರೊಸೆಸರನ್ನು ತಿರುಗಿಸಿ ನೋಡಿ ಕೊಂಡವನು ಕಣ್ಣಿಗೆ ರಾಚುವ ಮುರಿದ ಪಿನ್ನಿನ ಬಗ್ಗೆ ತರುವಾಯ ದೂರುವುದು ಈ ಕಾರಣಕ್ಕೆ ಸುಲಭವಲ್ಲ, ಒಳಬಿರುಕಿನ ಬಗ್ಗೆ ದೂರಬಹುದು. ನೋಡದೆ ಕೊಂಡವನ ಸ್ಥಾನವೇ ನೋಡಿ ಕೊಂಡವನದಕ್ಕಿಂತ ಗಟ್ಟಿಯಾಗಿರುವುದು ವಿಚಿತ್ರವೆನಿಸಿದರೂ ಕಾನೂನಿನ ಲೆಕ್ಕಾಚಾರ ಹಾಗಿದೆ.

ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮದ 2(47)ನೆಯ ಪ್ರಕರಣದಡಿ ಅನುಚಿತ ವ್ಯಾಪಾರ ಪದ್ಧತಿ. ಹಳೆಯದನ್ನು ಹೊಸದೆಂದು ಮಾರುವುದೂ ಅದೇ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯ ನಮೂದೇ ಇಲ್ಲದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಮರಳಿಸಲು ನಿರಾಕರಿಸುವುದೂ ಇದೇ ಪಟ್ಟಿಗೆ ಸೇರುತ್ತದೆ. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಮುದ್ರಿತ ಸಾಲು ದೋಷಯುಕ್ತ ಸರಕಿನ ವಿಷಯದಲ್ಲಿ ವ್ಯಾಪಾರಿಗೆ ಗುರಾಣಿಯಾಗಲಾರದು. ಆನ್‌ಲೈನ್ ಖರೀದಿಯಾದರೆ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು ಸ್ವೀಕರಿಸಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕು.

ಸಾಕ್ಷ್ಯದ ವಿಷಯಕ್ಕೆ ಬಂದರೆ, ಪೊಟ್ಟಣದ ಮೊಹರು ಒಡೆಯುವುದಕ್ಕೆ ಮೊದಲೇ ಆರಂಭವಾಗಿ, ಮುಚ್ಚಳದ ಮೇಲಿನ ಕ್ರಮಸಂಖ್ಯೆಯೂ ತಳಭಾಗದ ಪಿನ್‌ಗಳೂ ಸ್ಪಷ್ಟವಾಗಿ ಕಾಣುವಂತೆ, ನಡುವೆ ತುಂಡಾಗದೆ ಚಿತ್ರಿಸಿದ ವಿಡಿಯೊಗಿಂತ ಬಲವಾದದ್ದು ಬೇರೆ ಇಲ್ಲ. ಮಾರಾಟದ ಜಾಹೀರಾತು ತೆಗೆದುಹಾಕಲ್ಪಡುವ ಮೊದಲೇ ಅದರ ಚಿತ್ರವನ್ನೂ ಮಾರಿದವನೊಡನೆ ನಡೆದ ಸಂದೇಶಗಳನ್ನೂ ಹಣ ಪಾವತಿಯ ದಾಖಲೆಯನ್ನೂ ಕಾಯ್ದಿರಿಸಬೇಕು. ಇಂಥ ವಿದ್ಯುನ್ಮಾನ ದಾಖಲೆಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದ ಪ್ರಮಾಣಪತ್ರವನ್ನು ಜೊತೆಗಿರಿಸುವುದು ಕ್ಷೇಮ.

ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿದ ಪಿನ್ನನ್ನು ಸೂಜಿಯಿಂದಲೋ ಬ್ಲೇಡಿನಿಂದಲೋ ನೆಟ್ಟಗೆ ಮಾಡುವ ಮೊದಲು ಯೋಚಿಸಬೇಕು. ತಂತ್ರಜ್ಞಾನದ ದೃಷ್ಟಿಯಿಂದ ಅದು ಅನೇಕ ಸಲ ಫಲಿಸುವ ಉಪಾಯವೇ ಆದರೂ ಕಾನೂನಿನ ದೃಷ್ಟಿಯಿಂದ ಕೊಂಡವನು ತನ್ನ ಸಾಕ್ಷ್ಯವನ್ನು ತಾನೇ ತಿದ್ದಿದಂತಾಗುತ್ತದೆ. ಹಾನಿಗೊಂಡ ಪ್ರೊಸೆಸರ್‌ನಿಂದ ಮದರ್‌ಬೋರ್ಡ್ ಸುಟ್ಟರೆ ಅದು ‘ಉತ್ಪನ್ನವನ್ನು ಬಿಟ್ಟು ಬೇರೆ ಸ್ವತ್ತಿಗೆ’ ಆದ ಹಾನಿಯಾಗಿ ಗ್ರಾಹಕ ಸಂರಕ್ಷಣಾ ಅಧಿನಿಯಮದ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯಕ್ಕೆ ಬರುತ್ತದೆ. ತಯಾರಕನಲ್ಲದ ಮಾರಾಟಗಾರನು ಸರಕನ್ನು ಮಾರ್ಪಡಿಸಿದ್ದು ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದರೆ, ಅಥವಾ ಅದನ್ನು ಪರಿಶೀಲಿಸುವಲ್ಲಿ ತಕ್ಕ ಎಚ್ಚರ ವಹಿಸದೆ ಹಾನಿಯಾಗಿದ್ದರೆ 86ನೆಯ ಪ್ರಕರಣದಡಿ ಅವನು ಹೊಣೆಗಾರ. ಆದರೆ ಹಾನಿಯ ವೇಳೆಗೆ ಸರಕು ದುರ್ಬಳಕೆಗೊಂಡಿದ್ದರೆ ಅಥವಾ ಮಾರ್ಪಾಡಾಗಿದ್ದರೆ ಮಾರಾಟಗಾರನ ಮೇಲೆ ಕ್ರಮ ಜರುಗಿಸಲಾಗದೆಂದು 87ನೆಯ ಪ್ರಕರಣ ಹೇಳುವುದರಿಂದ, ಕೊಂಡವನೇ ಪಿನ್ ತಿದ್ದಿದ್ದಲ್ಲಿ ಎದುರು ಪಕ್ಷದ ವಾದ ಸಿದ್ಧವಾಗಿಯೇ ಇರುತ್ತದೆ.

ತಯಾರಕ ಕಂಪನಿಯ ವಾರಂಟಿ ಇಲ್ಲಿ ಹೆಚ್ಚು ನೆರವಾಗದು. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳ ವಾರಂಟಿ ಇದ್ದರೂ ಭೌತಿಕ ಹಾನಿಯನ್ನು ಅದರಿಂದ ಹೊರಗಿಡಲಾಗಿರುತ್ತದೆ.

ಮಾರಿದವನು ವ್ಯಾಪಾರಿಯಾಗಿರದೆ, ತನ್ನ ಮನೆಯ ಕಂಪ್ಯೂಟರಿನ ಹಳೆಯ ಭಾಗವನ್ನು ಒಮ್ಮೆ ಮಾರಿದ ಸಾಮಾನ್ಯ ವ್ಯಕ್ತಿಯಾಗಿದ್ದರೆ ಗ್ರಾಹಕ ಆಯೋಗದ ದಾರಿ ದುರ್ಗಮ. ಆಗ ಉಳಿಯುವುದು ಭಾರತೀಯ ಕರಾರು ಅಧಿನಿಯಮ, 1872. ಅದರ 17ನೆಯ ಪ್ರಕರಣದಂತೆ ಬರಿಯ ಮೌನ ಸಾಮಾನ್ಯವಾಗಿ ಕಪಟವಲ್ಲ, ಗೊತ್ತಿದ್ದೂ ಮರೆಮಾಚುವುದು ಕಪಟ. ಪಿನ್ ಮುರಿದ ಬದಿಯನ್ನು ಬಿಟ್ಟು ಉಳಿದ ಬದಿಗಳ ಫೋಟೊಗಳನ್ನಷ್ಟೇ ಉದ್ದೇಶಪೂರ್ವಕವಾಗಿ ತೋರಿಸಿದ್ದು ಎರಡನೆಯದಕ್ಕೆ ಹತ್ತಿರವಾದೀತು. ಕಪಟ ಸಿದ್ಧವಾದರೆ ಕರಾರನ್ನು ರದ್ದುಪಡಿಸಿ ಹಣ ಕೇಳಬಹುದು, ಆದರೆ ಅದಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಮೊದಲಿನಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಬಲ್ಲವನು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣವನ್ನು ಹಿಡಿದು ಪೊಲೀಸ್ ಠಾಣೆಗೆ ಹೋಗುವುದು ಲೇಸು.

ವ್ಯಾಪಾರಿಯ ವಿರುದ್ಧವಾದರೆ ಮೊದಲು ಲಿಖಿತ ನೋಟಿಸು ಕೊಟ್ಟು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಅದರಿಂದಲೂ ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುವುದು ವಾಡಿಕೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಅಂಗಡಿಯಿಂದ ತರಿಸಿಕೊಂಡ ಸರಕಿನ ಬಗ್ಗೆ ಬೀದರಿನ ನಿವಾಸಿ ಬೀದರಿನಲ್ಲೇ ಹೋರಾಡಬಹುದೆಂಬುದು 2019ರ ಅಧಿನಿಯಮ ತಂದ ದೊಡ್ಡ ಅನುಕೂಲ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಿರಬೇಕು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದಲ್ಲಿ ಆಯೋಗವು ಸರಕನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿ 45 ದಿನಗಳೊಳಗೆ ವರದಿ ಕೇಳಬಹುದು, ಅದರ ಶುಲ್ಕವನ್ನು ದೂರುದಾರನೇ ಮೊದಲು ಕಟ್ಟಬೇಕಾಗಬಹುದು. ಕೆಲವು ಸಾವಿರ ರೂಪಾಯಿಯ ಪ್ರೊಸೆಸರ್‌ಗೆ ಈ ಖರ್ಚು ಹೊರೆಯಾಗುವ ಸಂದರ್ಭದಲ್ಲಿ ವಿಡಿಯೊ ಮತ್ತು ನುರಿತ ತಂತ್ರಜ್ಞನ ಲಿಖಿತ ಅಭಿಪ್ರಾಯದ ಮೇಲೆಯೇ ದೂರನ್ನು ಕಟ್ಟುವುದು ವಿವೇಕ. ದೋಷ ಸಿದ್ಧವಾದರೆ ಬದಲಿ ಸರಕು, ಬಡ್ಡಿಸಹಿತ ಬೆಲೆ, ಪರಿಹಾರ ಮತ್ತು ವೆಚ್ಚಕ್ಕೆ ಆಯೋಗ ಆದೇಶಿಸಬಹುದು. ಆದೇಶ ಒಪ್ಪಿಗೆಯಾಗದವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.

ವ್ಯಾಜ್ಯ ಮುಗಿಯುವ ತನಕ ಹಾನಿಗೊಂಡ ಪ್ರೊಸೆಸರನ್ನು ಕ್ರಮಸಂಖ್ಯೆ ಕಾಣುವಂತೆ ಅದೇ ಸ್ಥಿತಿಯಲ್ಲಿ ಕಾದಿರಿಸಬೇಕು. ಅನಂತರವೂ ಅದು ಕೊಂಡವನಲ್ಲೇ ಉಳಿದರೆ ಕಸದ ಬುಟ್ಟಿಗೆ ಎಸೆಯದೆ, ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಡಿ ನೋಂದಾಯಿತರಾದ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು.