ಪಶುಕ್ಷೇತ್ರದಲ್ಲಿ ವಿದ್ಯಾರ್ಥಿಗಳ ದಿನಚರಿ

ಓದು ಕಲಿತ ಹುಡುಗನು ನೇಗಿಲ ಮೇಣಿಯನ್ನು ಹಿಡಿಯಲೊಲ್ಲನೆಂಬ ದೂರು ರೈತರ ಮನೆಗಳಲ್ಲಿ ಬಹಳ ಹಳೆಯದು. ವಿದ್ಯೆಯೂ ಮೈದುಡಿಮೆಯೂ ಒಂದೇ ಕಡೆಯಲ್ಲಿ ಬೆಳೆಯಬಲ್ಲವೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ವಿದ್ಯಾಶಾಲೆಯು ನಿದರ್ಶನವಾಗಿರುತ್ತದೆ.

ಕ್ಯಾಲಿಫೋರ್ನಿಯಾ ಪ್ರಾಂತದ ಪೂರ್ವಭಾಗದಲ್ಲಿ, ನೆವಾಡದ ಎಲ್ಲೆಗೆ ಸಮೀಪವಾಗಿ, ಸುಮಾರು 5,000 ಅಡಿ ಎತ್ತರದ ಮರುಭೂಮಿಯ ಕಣಿವೆಯಲ್ಲಿ ಡೀಪ್ ಸ್ಪ್ರಿಂಗ್ಸ್ ಕಾಲೇಜು ಇರುತ್ತದೆ. ವಿದ್ಯುಚ್ಛಕ್ತಿಯ ಉದ್ಯಮದಲ್ಲಿ ಹೆಸರಾಗಿದ್ದ ಎಲ್. ಎಲ್. ನನ್ ಎಂಬವರು 1917ರಲ್ಲಿ ಇದನ್ನು ಸ್ಥಾಪಿಸಿದರು. ಅವರು ಮೊದಲೇ ತಮ್ಮ ವಿದ್ಯುದಾಗಾರಗಳ ಕೆಲಸಗಾರ ಯುವಕರಿಗೆ ದುಡಿಮೆಯೊಡನೆ ಓದಿಗೂ ಏರ್ಪಾಡು ಮಾಡಿದ್ದರು. ಆ ಅನುಭವವೇ ಈ ಶಾಲೆಗೆ ಮೂಲವಾಯಿತು. ವ್ಯಾಸಂಗದ ಅವಧಿ 2 ವರ್ಷ. ವಿದ್ಯಾರ್ಥಿಗಳು ಸುಮಾರು 30ಕ್ಕೆ ಮೀರರು. ಬೋಧನೆ, ಊಟ, ವಸತಿಗಳಿಗೆ ಶುಲ್ಕವಿಲ್ಲ. 2018ರಿಂದ ಹೆಣ್ಣುಮಕ್ಕಳಿಗೂ ಪ್ರವೇಶವುಂಟು.

ಶಾಲೆಗೆ ಸ್ವಂತ ದನಗಳ ಹಿಂಡೂ, ಕುದುರೆಮಸಾಲೆ ಸೊಪ್ಪು ಬೆಳೆಯುವ ಹೊಲಗಳೂ ಇವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಸುಮಾರು 20 ಗಂಟೆ ದುಡಿಯತಕ್ಕದ್ದು. ಹಾಲು ಕರೆಯುವ ಸರದಿಯವರು ನಸುಕಿನಲ್ಲಿಯೇ ಕೊಟ್ಟಿಗೆಗೆ ಹೋಗುತ್ತಾರೆ. ಬೆಳಗಿನ ತಿಂಡಿಯ ತರುವಾಯ ಪಾಠಗಳು ನಡೆಯುತ್ತವೆ. ಅನಂತರ ಕೆಲವರು ಹೊಲಕ್ಕೆ ನೀರು ಹಾಯಿಸುವರು. ಕೆಲವರು ದನಗಳಿಗೆ ಮೇವು ಹಾಕುವರು. ಮತ್ತೆ ಕೆಲವರು ಬೇಲಿಯನ್ನೂ ಯಂತ್ರಗಳನ್ನೂ ಸರಿಪಡಿಸುವರು. ಅಡಿಗೆ, ಪಾತ್ರೆ ತೊಳೆಯುವುದು, ತರಕಾರಿ ತೋಟ ಇವೂ ಪಾಳಿಯ ಮೇಲೆ ವಿದ್ಯಾರ್ಥಿಗಳ ಪಾಲಿಗೆ ಬರುತ್ತವೆ. ಬೇಸಾಯದ ಮೇಲ್ವಿಚಾರಕರು ಕೆಲಸ ಕಲಿಸುವರು. ರಾತ್ರಿ ಓದೂ ಸಭೆಗಳೂ ಇರುತ್ತವೆ. ತರಗತಿಗಳು ನಡೆಯುವ ಕಾಲದಲ್ಲಿ ಕಣಿವೆಯನ್ನು ಬಿಟ್ಟು ಹೋಗತಕ್ಕದ್ದಲ್ಲವೆಂಬುದು ಅಲ್ಲಿನ ಕಟ್ಟಳೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ಕೆಲಸವನ್ನು ಹಂಚುವ ಅಧಿಕಾರಿಯು ವಿದ್ಯಾರ್ಥಿಗಳಿಂದಲೇ ಚುನಾಯಿತನಾದ ವಿದ್ಯಾರ್ಥಿ. ಹೊಸಬರನ್ನೂ ಉಪಾಧ್ಯಾಯರನ್ನೂ ಆರಿಸುವುದರಲ್ಲಿಯೂ ವಿದ್ಯಾರ್ಥಿಗಳ ಸಮಿತಿಗಳಿಗೆ ಭಾಗವಿದೆ. ಆದುದರಿಂದ ಅಲ್ಲಿನ ದುಡಿಮೆಯು ಶಿಕ್ಷೆಯೂ ಅಲ್ಲ, ನೋಟಕ್ಕಾಗಿ ಮಾಡುವ ಅಭ್ಯಾಸವೂ ಅಲ್ಲ. ಹಾಲು ಕರೆಯುವವನು ಮಲಗಿಬಿಟ್ಟರೆ ಹಸುವಿನ ಕೆಚ್ಚಲು ಬಾಧೆಗೊಳ್ಳುವುದು. ನೀರು ಹಾಯಿಸುವವನು ಮರೆತರೆ ಮೇವು ಒಣಗುವುದು. ಅಡಿಗೆಯವನು ತಡಮಾಡಿದರೆ ಎಲ್ಲರೂ ಹಸಿದಿರುವರು. ತಪ್ಪಿನ ಫಲವು ಅಂಕಪಟ್ಟಿಯಲ್ಲಿ ಅಲ್ಲ, ಕಣ್ಣೆದುರಿಗೇ ಕಾಣುವುದು. ಹೊಣೆಗಾರಿಕೆಯು ಹುಟ್ಟುವುದು ಇದರಿಂದಲೇ.

ಕರ್ನಾಟಕದಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ತಂಗುವ ಪದ್ಧತಿಯಿದೆ. ಅವರನ್ನು ಅತಿಥಿಗಳಂತೆ ಕೂರಿಸಿ, ಬೆಳೆ ತೋರಿಸಿ ಕಳುಹಿಸಿದರೆ ಪ್ರಯೋಜನ ಸ್ವಲ್ಪವೇ. ಗ್ರಾಮದ ಮುಖಂಡರೂ ಭೂಮಾಲಿಕರೂ ಅವರಿಗೆ ನಿಜವಾದ ಕೆಲಸವನ್ನು ಒಪ್ಪಿಸುವುದು ಮೇಲು. ಮನೆಯ ಮಕ್ಕಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಶಾಲೆಗೆ ಹೋಗುವ ಹುಡುಗನಿಗಾಗಲಿ ಹುಡುಗಿಗಾಗಲಿ ಒಂದು ಕರುವನ್ನೋ ಒಂದು ಮಡಿಯನ್ನೋ ಪೂರ್ಣವಾಗಿ ವಹಿಸಿ, ಖರ್ಚು ಹುಟ್ಟುವಳಿಗಳ ಲೆಕ್ಕವನ್ನು ಅವರ ಕೈಯಿಂದಲೇ ಬರೆಯಿಸಬೇಕು. ಹಿರಿಯರು ಸಲಹೆ ಕೊಡಬಹುದು. ಆದರೆ ಕೆಲಸವನ್ನು ಕಸಿದುಕೊಂಡು ತಾವೇ ಮಾಡಕೂಡದು. ನಾಳೆ ಭೂಮಿಯನ್ನು ಆಳಬೇಕಾದವರು ಇಂದು ಅಂಗೈ ಅಗಲದ ನೆಲವನ್ನಾದರೂ ತಮ್ಮ ಹೊಣೆಯಲ್ಲಿ ಸಾಕಿ ಕಲಿಯುವುದು ಕ್ಷೇಮಕರ.